ರಬ್ಬರಿಗೆ ಪುಡಿ ಬೆರೆಸುವುದು ಮೋಸವೇ?



ಕಳೆದ ತಿಂಗಳ ಒಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಉಡುಪಿ ಕಡೆಯ ಹಿರಿಯರೊಬ್ಬರು ಬಂದು ತಮ್ಮ ಕಾಲಿನ ಚಪ್ಪಲಿಯನ್ನೇ ಬಿಚ್ಚಿ ನನ್ನ ಮುಂದೆ ಹಿಡಿದರು. ಕೊಂಡು ಮೂರು ತಿಂಗಳೂ ಆಗಿರಲಿಲ್ಲವಂತೆ. ಅಟ್ಟೆ ಅಡ್ಡಕ್ಕೆ ಸೀಳಿತ್ತು. ಸೀಳಿದ ಕಡೆ ಬೆರಳಿನಿಂದ ಉಜ್ಜಿದರೆ ಬೆಳ್ಳನೆಯ ಪುಡಿ ಉದುರುತ್ತಿತ್ತು.

"ನೀವು ರಬ್ಬರ್ ಕಾರ್ಖಾನೆಯಲ್ಲಿ ಇರುವವರಲ್ಲವಾ ಮಾರಾಯ್ರೆ, ನೋಡಿ ಇದನ್ನು. ರಬ್ಬರ್ ಅಂತ ಹೇಳಿ ಸುಣ್ಣ ಮಣ್ಣು ಮಾರ್ತಾರೆ. ಇದು ಮೋಸ ಅಲ್ವಾ?" ಎಂದು ಕೇಳಿದರು.

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಠಾಣೆ, ಭಿವಂಡಿ, ವಸಯಿ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಲ್ಲಿ ಕೆಲವರಾದರೂ ರಬ್ಬರಿನ ಕೆಲಸದಲ್ಲಿದ್ದಾರೆ. ಮಿಕ್ಕವರೆಲ್ಲರೂ ಚಪ್ಪಲಿ ಮೆಟ್ಟುವವರೇ. ಆದುದರಿಂದ ನನಗೆ ತಿಳಿದಷ್ಟನ್ನು ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ. ನಾನು ರಸಾಯನ ಶಾಸ್ತ್ರ ಕಲಿತವನಲ್ಲ, ಮೆಟ್ರಿಕ್ ಮುಗಿಸಿ ಸ್ಟೋರ್ಸ್ ಲೆಡ್ಜರ್ ಹಿಡಿದವನು. ಮಿಲ್ಲಿನ ಗುಮಾಸ್ತನೆಂದರೆ ಬಟ್ಟೆಯ ಗಿರಣಿಯವನೆಂದು ಎಣಿಸಬೇಡಿ. ರಬ್ಬರಿನ ಕಸುಬಿನಲ್ಲಿ, ಎರಡು ಉಕ್ಕಿನ ಉರುಳೆಗಳ ನಡುವೆ ರಬ್ಬರನ್ನು ಹಿಂಡಿ ಕಲಸುವ ಯಂತ್ರಕ್ಕೇ ಮಿಲ್ಲು ಎಂಬ ಹೆಸರು.

ಮೊದಲಿಗೆ ರಬ್ಬರೆಂದರೇನೆಂದು ನೋಡೋಣ. ಮರದ ಹಾಲಿಗೆ ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ಹಾಳೆಯಾಗಿ ಒತ್ತಿ, ಒಣಗಿಸಿದರೆ ನೈಸರ್ಗಿಕ ರಬ್ಬರು. ಸುಳ್ಯ, ಪುತ್ತೂರಿನ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಪೆಟ್ರೋಲಿಯಮ್ಮಿನಿಂದ ಬರುವ ವಸ್ತುಗಳಿಂದ ಮಾಡಿದರೆ ಸಿಂಥೆಟಿಕ್ ರಬ್ಬರು. ಎರಡರಲ್ಲಿಯೂ ಅಣುಗಳು ಬಹು ಉದ್ದವಾದ ಎಳೆಗಳು. ಒಂದು ಪಾತ್ರೆಯ ತುಂಬ ಬೆಂದ ಶಾವಿಗೆ ಇದೆಯೆಂದು ಭಾವಿಸಿರಿ. ಹಸಿ ರಬ್ಬರು ಹಾಗೆ. ಎಳೆದರೆ ಎಳೆಗಳು ಒಂದರ ಮೇಲೊಂದು ಜಾರಿಹೋಗುತ್ತವೆ. ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಈ ದೋಷ ಹೋಗುವುದೆಂದು ಕಂಡುಕೊಂಡನು. ಗಂಧಕವು ಎಳೆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಆಗ ಎಳೆದರೂ ಜಾರದೆ, ಬಿಟ್ಟ ಕೂಡಲೆ ಮೊದಲಿನ ಸ್ಥಿತಿಗೆ ಬರುತ್ತದೆ. ಇದಕ್ಕೆ ವಲ್ಕನೈಸ್ ಮಾಡುವುದು ಎನ್ನುತ್ತಾರೆ. ಕಾರ್ಖಾನೆಯಲ್ಲಿ 'ಕ್ಯೂರ್' ಎಂದರೆ ಇದೇ.

ಹಾಗಾದರೆ ರಬ್ಬರು, ಗಂಧಕ ಇಷ್ಟೇ ಸಾಕಲ್ಲವೇ, ಪುಡಿ ಏಕೆ ಎಂದು ಕೇಳಬಹುದು. ಕಾಗದದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡಿಗೆ ಸಾಕು. ಟೈರಿಗೆ, ಅಟ್ಟೆಗೆ, ಯಂತ್ರದ ಉರುಳೆಗೆ ಸಾಲದು. ಮೆತ್ತಗಿರುತ್ತದೆ, ಬೇಗ ಸವೆಯುತ್ತದೆ. ಟೈರಿಗೆ ಬಳಸುವ ಸಿಂಥೆಟಿಕ್ ರಬ್ಬರಂತೂ ಪುಡಿ ಇಲ್ಲದಿದ್ದರೆ ಕೈಯಲ್ಲಿ ಹರಿಯುವಷ್ಟು ದುರ್ಬಲ. ಅದಕ್ಕೇ ತಕ್ಕ ಪುಡಿ ಸೇರಿದರೆ ಎಳೆತಕ್ಕೆ ತಡೆಯುವ ಶಕ್ತಿ ಸುಮಾರು ಎಂಟರಿಂದ ಹತ್ತು ಪಟ್ಟು ಏರುತ್ತದೆ. ಆದುದರಿಂದ ಹಾಲಿಗೆ ನೀರು ಬೆರೆಸುವುದಕ್ಕೂ ರಬ್ಬರಿಗೆ ಪುಡಿ ಬೆರೆಸುವುದಕ್ಕೂ ಹೋಲಿಕೆ ಸಲ್ಲದು. ಯಾವ ಪುಡಿ, ಮತ್ತು ಅದು ರಬ್ಬರನ್ನು ಹಿಡಿದುಕೊಂಡಿದೆಯೋ ಇಲ್ಲವೋ ಎಂಬುದೇ ಇಲ್ಲಿ ಪ್ರಶ್ನೆ. ಮುಂದೆ ಬರೆಯುವುದೆಲ್ಲ ಈ ಹಿಡಿತದ ವಿಚಾರವೇ.

ಪುಡಿಗೆ ಕಾರ್ಖಾನೆಯ ಮಾತಿನಲ್ಲಿ ಫಿಲ್ಲರ್ ಎನ್ನುತ್ತಾರೆ. ಸೀಮೆಸುಣ್ಣದ ಪುಡಿ ಅಗ್ಗ. ಅದರ ಕಣ ದಪ್ಪ, ಬರಿದೆ ಜಾಗ ತುಂಬುತ್ತದೆ, ತೂಕ ಹೆಚ್ಚಿಸುತ್ತದೆ. ಜೇಡಿಮಣ್ಣು, ಅಂದರೆ ಚೈನಾ ಕ್ಲೇ, ಅದಕ್ಕಿಂತ ಸ್ವಲ್ಪ ಮೇಲು. ಇವೆರಡಕ್ಕಿಂತ ಬಹಳ ಮೇಲಿನವು ಎರಡು: ಕಾರ್ಬನ್ ಬ್ಲ್ಯಾಕ್ ಎಂಬ ಕಾಡಿಗೆಯಂಥ ಮಸಿ, ಮತ್ತು ಸಿಲಿಕಾ ಎಂಬ ಬಿಳಿಯ ಪುಡಿ. ಇವುಗಳ ಕಣಗಳು ಎಷ್ಟು ಸಣ್ಣವೆಂದರೆ, ಟೈರಿನ ಕೆಲಸಕ್ಕೆ ಬರುವ ಒಂದು ಗ್ರಾಂ ಸಿಲಿಕಾದಲ್ಲಿರುವ ಕಣಗಳ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 160 ಚದರ ಮೀಟರ್ ಆಗುತ್ತದೆ. ನಮ್ಮ ಚಾಳಿನ ಹತ್ತಡಿ ಹನ್ನೆರಡಡಿ ಖೋಲಿಗಳು ಹದಿನಾಲ್ಕಕ್ಕೆ ನೆಲ ಹಾಸುವಷ್ಟು! ಒಂದು ಚಿಟಿಕೆ ಪುಡಿಯಲ್ಲಿ ಇಷ್ಟು ಮೈ ಇರುವುದರಿಂದ, ಆ ಮೈಗೆ ರಬ್ಬರು ಹತ್ತಿಕೊಂಡಿದ್ದರೆ ಲಾಭ ಅಪಾರ, ಹತ್ತದಿದ್ದರೆ ನಷ್ಟವೂ ಅಷ್ಟೇ.

ಮಸಿಯ ಕಥೆ ಸ್ವಾರಸ್ಯವಾಗಿದೆ. ಮೊದಮೊದಲು ಟೈರುಗಳು ಕಪ್ಪಾಗಿರಲಿಲ್ಲ, ಮಾಸಲು ಬಿಳಿಯಾಗಿದ್ದವು. 1904ರ ಹೊತ್ತಿಗೆ ಲಂಡನ್ನಿನ ಸಿಲ್ವರ್‌ಟೌನಿನ ಕಾರ್ಖಾನೆಯೊಂದರಲ್ಲಿ ಎಸ್. ಸಿ. ಮೋಟ್ ಎಂಬವರು ಮಸಿ ಸೇರಿಸಿದರೆ ರಬ್ಬರು ಗಟ್ಟಿಯಾಗುವುದನ್ನು ಕಂಡರು. ಅನಂತರದ ಒಂದೆರಡು ದಶಕಗಳಲ್ಲಿ ಟೈರುಗಳೆಲ್ಲ ಕಪ್ಪಾದವು. ಮಸಿಗೂ ರಬ್ಬರಿಗೂ ಸ್ವಭಾವ ಹೊಂದುತ್ತದೆ. ಚೆನ್ನಾಗಿ ಕಲಸಿದರೆ ಸಾಕು, ಮಸಿಯ ಕಣ ತಾನಾಗಿಯೇ ರಬ್ಬರಿನ ಎಳೆಯನ್ನು ಹಿಡಿದುಕೊಳ್ಳುತ್ತದೆ. ಮೂರನೆಯವರ ಸಹಾಯ ಬೇಕಾಗುವುದಿಲ್ಲ.

ಸಿಲಿಕಾದ ಸ್ವಭಾವ ಬೇರೆ. ಅದರ ಕಣದ ಮೈಮೇಲೆಲ್ಲ ಆಮ್ಲಜನಕ ಮತ್ತು ಜಲಜನಕ ಕೂಡಿದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಇವಕ್ಕೆ ನೀರೆಂದರೆ ಪ್ರೀತಿ, ತಮ್ಮತಮ್ಮಲ್ಲಿ ಇನ್ನೂ ಪ್ರೀತಿ. ಎಣ್ಣೆಯ ಜಾತಿಯ ರಬ್ಬರೆಂದರೆ ಆಗದು. ಪರಿಣಾಮವೇನು? ಮುದ್ದೆ ಮಾಡುವಾಗ ಹದ ತಪ್ಪಿದರೆ ರಾಗಿ ಹಿಟ್ಟು ಗಂಟುಗಂಟಾಗುವುದಿಲ್ಲವೇ, ಹೊರಗೆ ನೀರು ತಾಗಿ ಒಳಗೆ ಒಣ ಹಿಟ್ಟು ಉಳಿಯುವುದಿಲ್ಲವೇ, ಹಾಗೆಯೇ ಸಿಲಿಕಾ ರಬ್ಬರಿನಲ್ಲಿ ಗಂಟು ಕಟ್ಟುತ್ತದೆ. ಅಷ್ಟೇ ಅಲ್ಲ. ಕ್ಯೂರ್ ಬೇಗನೆ ಆಗಲೆಂದು ಹಾಕುವ ಆಕ್ಸಿಲರೇಟರ್ ಎಂಬ ವಸ್ತುವನ್ನೂ ಈ ಮುಳ್ಳುಗಳು ಹಿಡಿದಿಟ್ಟುಕೊಂಡು ಕ್ಯೂರನ್ನು ತಡಮಾಡುತ್ತವೆ. ಅದಕ್ಕಾಗಿ ಗ್ಲೈಕಾಲ್ ಎಂಬ ದ್ರವವನ್ನು ಸ್ವಲ್ಪ ಹಾಕುವ ರೂಢಿ ಉಂಟು. ಅದು ಮುಳ್ಳುಗಳ ಮೇಲೆ ತಾನೇ ಕುಳಿತು ಆಕ್ಸಿಲರೇಟರನ್ನು ಉಳಿಸುತ್ತದೆ. ಆದರೆ ಗ್ಲೈಕಾಲ್ ಸಿಲಿಕಾವನ್ನು ರಬ್ಬರಿಗೆ ಬೆಸೆಯುವುದಿಲ್ಲ. ಕ್ಯೂರ್ ಸರಿಯಾದ ಮಾತ್ರಕ್ಕೆ ಮಾಲು ಸರಿಯಾಯಿತೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ.

ಬೆಸೆಯುವುದಕ್ಕೆ ಬೇಕಾದದ್ದು ಸಿಲೇನ್ ಎಂಬ ದ್ರವ. ಹಳದಿ ಬಣ್ಣ, ಎಣ್ಣೆಯಂತಿರುತ್ತದೆ, ಬೆಲೆ ದುಬಾರಿ. ಇದರ ಅಣುವಿಗೆ ಎರಡು ಬಗೆಯ ಕೈಗಳಿವೆ. ಒಂದು ಬಗೆಯ ಕೈ ಸಿಲಿಕಾದ ಮುಳ್ಳನ್ನು ಹಿಡಿಯುತ್ತದೆ. ಹಿಡಿಯುವಾಗ ಆಲ್ಕೋಹಾಲ್, ಅಂದರೆ ಸ್ಪಿರಿಟ್, ಹೊರಬೀಳುತ್ತದೆ. ಇನ್ನೊಂದು ಕೈ ಗಂಧಕದ್ದು. ಅದು ಮುಂದೆ ಕ್ಯೂರ್ ಆಗುವ ವೇಳೆಯಲ್ಲಿ ರಬ್ಬರಿನ ಎಳೆಯನ್ನು ಹಿಡಿಯುತ್ತದೆ. ಎರಡು ಮನೆಗಳಿಗೆ ಮಾತು ಹೊಂದದಿದ್ದಾಗ ಎರಡೂ ಕಡೆಗೆ ಬೇಕಾದ ಸೋದರಮಾವನೊಬ್ಬನು ನಡುವೆ ನಿಂತು ಸಂಬಂಧ ಕುದುರಿಸುತ್ತಾನಲ್ಲವೇ? ವ್ಯತ್ಯಾಸವಿಷ್ಟೇ: ಈ ಸೋದರಮಾವನು ಮದುವೆಯಾದ ಮೇಲೆ ಊಟ ಮಾಡಿ ಹೊರಡುವುದಿಲ್ಲ, ಇಬ್ಬರ ಕೈಯನ್ನೂ ಹಿಡಿದುಕೊಂಡು ಅಲ್ಲಿಯೇ ನಿಲ್ಲುತ್ತಾನೆ. ಟೈರಿನ ಕೆಲಸದಲ್ಲಿ ಪ್ರಸಿದ್ಧವಾದ ಗಂಧಕದ ಸಿಲೇನನ್ನು 1970ರ ದಶಕದಲ್ಲಿ ಜರ್ಮನಿಯ ಡೆಗುಸ್ಸಾ ಕಂಪನಿಯವರು ಬಳಕೆಗೆ ತಂದರು.

ಇದರಿಂದ ಆದ ದೊಡ್ಡ ಬದಲಾವಣೆ ಟೈರಿನಲ್ಲಿ. ಉರುಳುವ ಟೈರು ಪ್ರತಿ ಸುತ್ತಿಗೂ ಒತ್ತಿ ಬಿಡುತ್ತದೆ. ಹಾಗೆ ಒತ್ತಿದಾಗಲೆಲ್ಲ ಒಳಗಿನ ಪುಡಿಯ ಕಣಗಳು ಒಂದನ್ನೊಂದು ಹಿಡಿದಿದ್ದ ಹಿಡಿತ ಬಿಟ್ಟು ಮತ್ತೆ ಹಿಡಿಯುತ್ತವೆ. ಆ ಬಿಟ್ಟು ಹಿಡಿಯುವ ಆಟದಲ್ಲಿ ಶಕ್ತಿಯು ಶಾಖವಾಗಿ ಹೋಗುತ್ತದೆ. 1960ರ ದಶಕದಲ್ಲಿ ಎ. ಆರ್. ಪೇನ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಅಳೆದು ತೋರಿಸಿದ್ದರಿಂದ ಇದಕ್ಕೆ ಪೇನ್ ಪರಿಣಾಮವೆಂದೇ ಹೆಸರು. ಕಣಗಳು ತಮ್ಮತಮ್ಮಲ್ಲಿ ಕೈಹಿಡಿಯದೆ ಸಿಲೇನಿನ ಮೂಲಕ ರಬ್ಬರಿಗೇ ಕಟ್ಟುಬಿದ್ದರೆ ಈ ನಷ್ಟ ಕಡಮೆ. 1992ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ಇದೇ ತತ್ವದ ಮೇಲೆ ಸಿಲಿಕಾ ತುಂಬಿದ ಟೈರನ್ನು ಮಾರುಕಟ್ಟೆಗೆ ತಂದಿತು. ಉರುಳುವುದಕ್ಕೆ ಬರುವ ತಡೆ ಸುಮಾರು ಐದನೆಯ ಒಂದು ಪಾಲು ತಗ್ಗಿತು. ಒದ್ದೆ ರಸ್ತೆಯ ಹಿಡಿತ ಮಾತ್ರ ತಗ್ಗಲಿಲ್ಲ. ಪೆಟ್ರೋಲು ಉಳಿಸುವುದರಿಂದ ಅದಕ್ಕೆ ಹಸಿರು ಟೈರು ಎಂದು ಹೆಸರಾಯಿತು. ಬಣ್ಣ ಹಸಿರೆಂದು ತಿಳಿಯಬಾರದು, ಅದೂ ಕಪ್ಪೇ.

ಇನ್ನು ನಮ್ಮ ಮಿಲ್ಲಿನ ಮಾತು. ನಮ್ಮಲ್ಲಿ ಮಾಡುವುದು ಅಕ್ಕಿ ಗಿರಣಿಯ ರಬ್ಬರ್ ರೋಲು. ಗಂಗಾವತಿ, ಸಿಂಧನೂರಿನ ಕಡೆ ಅಕ್ಕಿ ಗಿರಣಿ ಕಂಡವರಿಗೆ ಇದರ ಪರಿಚಯವಿರಬಹುದು. ಎರಡು ರೋಲುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತ, ನಡುವೆ ಬಿದ್ದ ಭತ್ತದ ಹೊಟ್ಟನ್ನು ಉಜ್ಜಿ ಸುಲಿಯುತ್ತವೆ. ಅಕ್ಕಿಗೆ ಮಸಿಯ ಕಲೆ ಹತ್ತಬಾರದೆಂದು ರೋಲಿಗೆ ಸಾಮಾನ್ಯವಾಗಿ ಸಿಲಿಕಾ ಹಾಕುತ್ತಾರೆ. ಭತ್ತದ ಹೊಟ್ಟಿನಲ್ಲಿಯೂ ಇರುವುದು ಸಿಲಿಕಾವೇ, ಆದುದರಿಂದ ಅದು ಉಪ್ಪುಕಾಗದದಂತೆ ರೋಲನ್ನು ಸವೆಸುತ್ತದೆ. ಇಂಥ ಕಡೆ ಹಿಡಿತ ಕೊಂಚ ಸಡಿಲವಾದರೂ ಗಿರಾಕಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ಮಳೆಗಾಲದಲ್ಲಿ ಗಿರಾಕಿಗಳಿಂದ ತಕರಾರು ಬರತೊಡಗಿತು. ಮೊದಲು ಸುಲಿಯುತ್ತಿದ್ದ ಭತ್ತದಲ್ಲಿ ಅರ್ಧಕ್ಕೇ ರೋಲು ಸವೆದುಹೋಗುತ್ತಿದೆಯೆಂದು. ವಾಪಸು ಬಂದ ರೋಲನ್ನು ಕೊಯ್ದು ನೋಡಿದರೆ ಒಳಗೆ ಸೂಜಿಮೊನೆಯಷ್ಟು ತೂತುಗಳು. ನಮ್ಮ ಕಾಂಪೌಂಡು ಹೀಗಿತ್ತು: 25 ಕಿಲೋ ರಬ್ಬರಿಗೆ 15 ಕಿಲೋ ಸಿಲಿಕಾ, ಸಿಲಿಕಾದ ತೂಕಕ್ಕೆ ನೂರಕ್ಕೆ ಎಂಟರಂತೆ 1 ಕಿಲೋ 200 ಗ್ರಾಂ ಸಿಲೇನ್. ಸಿಲೇನನ್ನು ತೂಗಿ ನೀಡರ್ ಯಂತ್ರಕ್ಕೆ ಹಾಕುತ್ತಿದ್ದವನು ಬಾಗಲಕೋಟೆ ಕಡೆಯ ನಮ್ಮ ಹುಡುಗ. ದುಬಾರಿ ಮಾಲು, ಕಡಮೆ ಹಾಕಿ ಹೊರಗೆ ಮಾರಿಕೊಂಡಿದ್ದಾನೆ ಎಂದು ಮೇಲಿನವರು ತೀರ್ಮಾನಿಸಿದರು. ಅವನ ಪಗಾರದಲ್ಲಿ ಕಡಿತವಾಯಿತು. ಕಡಿತದ ಚೀಟಿ ಬರೆದವನು ನಾನೇ. ಬರೆಯುವಾಗ ನನಗೂ ಸಂಶಯವಿತ್ತು, ಆದರೆ ಅವನ ಮೇಲೆ.

ಆ ಸಂಜೆ ಅವನು ನನ್ನ ಮೇಜಿನ ಬಳಿ ಬಂದು ನಿಂತ. "ಅಣ್ಣಾರ, ನಾ ಒಂದ ಹನಿನೂ ಕದ್ದಿಲ್ಲ್ರೀ. ಆದ್ರ ಒಂದ ಮಾತ ಹೇಳ್ತೀನಿ. ಮೊದಲ ಬ್ಯಾಚ್ ಇಳಸೂ ಹೊತ್ತಿಗೆ ಸ್ಪಿರಿಟ್ ವಾಸನಿ ಮೂಗಿಗೆ ಬಡೀತಿತ್ತು. ಈಗ ಬರೂದ ಇಲ್ಲ. ಎಣ್ಣೀನ ಖೋಟಾ ಬಂದದೋ ಏನೋ ನೋಡ್ರಿ," ಎಂದ.

ಎಣ್ಣೆ ಖೋಟಾ ಆಗಿರಲಿಲ್ಲ. ನಾನು ಸ್ಟೋರ್ಸಿನ ಲೆಡ್ಜರ್ ನೋಡಿದೆ, ಅದೇ ಕಂಪನಿಯ ಡ್ರಮ್ಮು. ಆದರೆ ವಾಸನೆಯ ಮಾತು ತಲೆಯಲ್ಲಿ ಕುಳಿತಿತು. ವಾರಕ್ಕೆರಡು ಸಲ ಬರುವ ರಬ್ಬರ್ ತಜ್ಞರಲ್ಲಿ ಕೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಸಿಲೇನ್ ಸಿಲಿಕಾವನ್ನು ಹಿಡಿಯುವಾಗಲೇ ಸ್ಪಿರಿಟ್ ಹೊರಬರುವುದು; ಸ್ಪಿರಿಟ್ ಬರಲಿಲ್ಲವೆಂದರೆ ಹಿಡಿದೇ ಇಲ್ಲ, ನೀಡರಿನ ಉಷ್ಣತೆಯ ವಹಿ ತನ್ನಿ ಎಂದರು. ವಹಿಯನ್ನು ತೆರೆದರೆ ಎಲ್ಲವೂ ಬರೆದೇ ಇತ್ತು. ಮೊದಲು ಒಂದು ಬ್ಯಾಚನ್ನು 14 ನಿಮಿಷ ಕಲಸಿ 148 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಳಿಸುತ್ತಿದ್ದರು. ಆರ್ಡರ್ ಹೆಚ್ಚಾದದ್ದರಿಂದ ಪಾಳಿಗೆ ಮೂರು ನಾಲ್ಕು ಬ್ಯಾಚು ಜಾಸ್ತಿ ತೆಗೆಯಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಅಂದಿನಿಂದ 8 ನಿಮಿಷ, 122 ಡಿಗ್ರಿ. ಪುಡಿ ಒಳಗೆ ಹೋಯಿತು, ಹಿಟ್ಟು ನುಣ್ಣಗೆ ಕಂಡಿತು, ಇಳಿಸಿದರು. ಸಿಲೇನ್ ಮಾತ್ರ ಕೆಲಸ ಮಾಡದೆ ಹಾಗೆಯೇ ಉಳಿಯಿತು. ಅದೇ ಮುಂದೆ ಅಚ್ಚಿನ ಶಾಖದಲ್ಲಿ ಸ್ಪಿರಿಟ್ ಬಿಟ್ಟು, ಹೊರಬರಲು ದಾರಿಯಿಲ್ಲದೆ, ಆ ಸಣ್ಣ ತೂತುಗಳಾದವು.

ಉಷ್ಣತೆಯ ವಿಷಯವನ್ನು ಈ ಕಸುಬಿನವರು ಚೆನ್ನಾಗಿ ನೆನಪಿಡತಕ್ಕದ್ದು. ಈ ಜಾತಿಯ ಸಿಲೇನಿಗೆ 140ರಿಂದ 155 ಡಿಗ್ರಿಯವರೆಗೆ ಹದ, ಮತ್ತು ಆ ಹದದಲ್ಲಿ ಕೆಲವು ನಿಮಿಷ ನಿಲ್ಲಿಸಬೇಕು. ಕಡಮೆಯಾದರೆ ನಮ್ಮಲ್ಲಿ ಆದಂತೆ ಆಗುತ್ತದೆ. 160ರ ಮೇಲೆ ಹೋದರೆ ಅದರೊಳಗಿನ ಗಂಧಕ ಅವಸರದಿಂದ ಬಿಡುಗಡೆಯಾಗಿ ರಬ್ಬರು ಯಂತ್ರದಲ್ಲಿಯೇ ಗಂಟು ಹಾಕಿಕೊಳ್ಳತೊಡಗುತ್ತದೆ, ಇದನ್ನೇ ಸ್ಕಾರ್ಚ್ ಎನ್ನುವುದು. ಹಾಕುವ ಕ್ರಮವೂ ಮುಖ್ಯ. ರಬ್ಬರು, ಸಿಲಿಕಾ, ಸಿಲೇನ್ ಮೊದಲು. ಗಂಧಕ ಮತ್ತು ಆಕ್ಸಿಲರೇಟರ್ ಕೊನೆಗೆ, ಹಿಟ್ಟು ಆರಿದ ಮೇಲೆ, ತಣ್ಣನೆಯ ಮಿಲ್ಲಿನಲ್ಲಿ. ಜಿಂಕ್ ಆಕ್ಸೈಡನ್ನು ಸಹ ಮೊದಲೇ ಸುರಿಯದಿರುವುದು ಒಳ್ಳೆಯದು, ಏಕೆಂದರೆ ಅದು ಸಿಲೇನ್ ಹಿಡಿಯುವ ಕೆಲಸಕ್ಕೆ ಅಡ್ಡ ಬರುತ್ತದೆ. ಸಿಲೇನ್ ಡ್ರಮ್ಮಿನ ಮುಚ್ಚಳ ಬಿಗಿಯಾಗಿರಲಿ. ಮುಂಬಯಿಯ ಮಳೆಗಾಲದ ಗಾಳಿಯ ತೇವ ತಾಗಿದರೆ ಅದು ಡ್ರಮ್ಮಿನೊಳಗೇ ಕೆಡತೊಡಗುತ್ತದೆ. ಸಿಲಿಕಾ ಚೀಲಗಳನ್ನೂ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು.

ತಜ್ಞರು ಅದೇ ಡ್ರಮ್ಮಿನ ಎಣ್ಣೆಯಿಂದ, ಅದೇ ಹುಡುಗನ ಕೈಯಿಂದ ತೂಗಿಸಿ, ಎರಡು ಬ್ಯಾಚು ಮಾಡಿಸಿದರು. ಒಂದು ಹೊಸ ಹುಕುಮಿನಂತೆ, ಒಂದು ಹಳೆಯ ಕ್ರಮದಂತೆ. ಎರಡರಿಂದಲೂ ಕಂದು ಬಣ್ಣದ ಪಟ್ಟಿ ಕತ್ತರಿಸಿ ನಮ್ಮೆದುರಿಗೆ ಎಳೆದರು. ಅವಸರದ ಪಟ್ಟಿ ಎಳೆದಷ್ಟೂ ಬೆಳ್ಳಗಾಯಿತು, ಹಳೆಯ ಕ್ರಮದ್ದು ಕಂದಾಗಿಯೇ ಉಳಿಯಿತು. ಬೆಳ್ಳಗಾಗುವುದೇಕೆಂದರೆ, ಹಿಡಿತವಿಲ್ಲದ ಕಣದಿಂದ ರಬ್ಬರು ಬಿಟ್ಟುಕೊಂಡು ಸುತ್ತಲೂ ಸಣ್ಣ ಪೊಳ್ಳಾಗುತ್ತದೆ. ಆ ಪೊಳ್ಳುಗಳೇ ಬೆಳ್ಳಗೆ ಕಾಣುವುದು. ಹುಡುಗನ ಪಗಾರ ಮುಂದಿನ ತಿಂಗಳು ಮರಳಿ ಬಂತು. ತಪ್ಪಾಯಿತೆಂಬ ಮಾತು ಯಾರಿಂದಲೂ ಬರಲಿಲ್ಲ. ನಾನು ಹೇಳಿದೆ, ಏಕೆಂದರೆ ಚೀಟಿ ನನ್ನ ಕೈಯದು. ಅವನು ನಕ್ಕು, "ನೀವೇನ್ ಮಾಡ್ತೀರಿ, ಬರಿ ಅಂದ್ರು ಬರದ್ರಿ," ಎಂದ. ಆ ಮಾತು ಇನ್ನೂ ಚುಚ್ಚುತ್ತದೆ.

ಎಲ್ಲ ಪುಡಿಗೂ ಸಿಲೇನ್ ಹಾಕಿದರಾಯಿತೆಂದು ತಿಳಿಯುವುದೂ ತಪ್ಪು. ಜೇಡಿಮಣ್ಣಿಗೆ ತಕ್ಕ ಸಿಲೇನುಗಳಿವೆ, ಸ್ವಲ್ಪ ಗುಣ ಕಾಣುತ್ತದೆ. ಸೀಮೆಸುಣ್ಣದ ಮೈಮೇಲೆ ಸಿಲಿಕಾದ ಮೇಲಿರುವಂಥ ಮುಳ್ಳುಗಳಿಲ್ಲ. ಅಲ್ಲಿ ಸಾಮಾನ್ಯ ಸಿಲೇನ್ ಹಾಕುವುದು ಹಣ ಚೆಲ್ಲಿದಂತೆ. ಅದಕ್ಕೆ ಸ್ಟಿಯರಿಕ್ ಆಮ್ಲದ ಲೇಪ ಕೊಡುತ್ತಾರೆ. ಲೇಪದಿಂದ ಪುಡಿ ಸುಲಭವಾಗಿ ಹರಡುತ್ತದೆ, ಗಂಟಾಗುವುದಿಲ್ಲ, ಆದರೆ ಬೆಸುಗೆ ಆಗುವುದಿಲ್ಲ. ಚಪ್ಪಲಿ ತೋರಿಸಿದ ಹಿರಿಯರಿಗೆ ನನ್ನ ಉತ್ತರವೂ ಇಲ್ಲಿಯೇ ಇದೆ. ತಮ್ಮ ಅಟ್ಟೆಗೆ ಸುಣ್ಣದ ಪುಡಿಯನ್ನು ಮಿತಿಮೀರಿ ತುಂಬಿದ್ದಾರೆ, ಅದು ರಬ್ಬರನ್ನು ಹಿಡಿದಿಲ್ಲ. ಆ ಮಟ್ಟಿಗೆ ತಾವು ಹೇಳಿದ ಮಾತು ಸತ್ಯ. ಸಿಲಿಕಾ ಹಾಕಿ ಹದವಾಗಿ ಮಾಡಿದ ಅಟ್ಟೆಯಲ್ಲಿಯೂ ಬಹಳಷ್ಟು ಪುಡಿ ಇರುತ್ತದೆ, ಆದರೆ ಅದು ಉದುರುವುದಿಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ನೂರು ಕಿಲೋ ಭತ್ತ ಸುಲಿದರೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು. ಅದನ್ನು ಸುಟ್ಟರೆ ಸುಮಾರು ನಾಲ್ಕು ಕಿಲೋ ಬೂದಿ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಈ ಬೂದಿಯಿಂದ ತೆಗೆದ ಸಿಲಿಕಾವನ್ನು ಟೈರಿಗೆ ಬಳಸುವುದಾಗಿ 2014ರಲ್ಲಿ ಗುಡ್‌ಇಯರ್ ಕಂಪನಿ ಪ್ರಕಟಿಸಿತು. ರೋಲನ್ನು ಸವೆಸುವ ಹೊಟ್ಟೇ ನಾಳೆ ರೋಲಿನೊಳಗೆ ಬರಬಹುದೆಂದು ನಾನು ಹೇಳಿದಾಗ ಬಾಗಲಕೋಟೆಯ ಹುಡುಗ ನಂಬಲಿಲ್ಲ.

ಕೆಲಸ ಮಾಡುವವರಿಗೆ ಎರಡು ಮಾತು. ಬ್ಯಾಚ್ ಇಳಿಸುವಾಗ ಬರುವ ಸ್ಪಿರಿಟ್ ಆವಿ ಬೆಂಕಿ ಹತ್ತುವಂಥದ್ದು. ಹತ್ತಿರ ಬೀಡಿ ಹಚ್ಚಬೇಡಿ, ಗಾಳಿ ಎಳೆಯುವ ಪಂಖ ತಿರುಗುತ್ತಿದೆಯೇ ನೋಡಿ. ರಬ್ಬರಿಗೆ ಹಾಕುವ ಸಿಲಿಕಾ, ಕಲ್ಲು ಒಡೆಯುವ ಕಡೆ ಶ್ವಾಸಕೋಶ ಕೆಡಿಸುವ ಸ್ಫಟಿಕದ ಧೂಳಿನ ಜಾತಿಯದಲ್ಲ. ಹಾಗೆಂದು ಧೂಳು ಕುಡಿಯಬೇಕಾಗಿಲ್ಲ. ಚೀಲ ಬಿಚ್ಚುವಾಗ ಬರಿಯ ಕರವಸ್ತ್ರ ಸಾಲದು, ಮಾಸ್ಕ್ ಕೇಳಿ ಪಡೆಯಿರಿ.

ರಬ್ಬರ್ ಲೈನಿನಲ್ಲಿರುವವರು ತಮ್ಮ ಕಾರ್ಖಾನೆಯ ತುಂಡು ಹಾಳೆ, ಹರಿದ ಅಟ್ಟೆ, ಸವೆದ ವಾಷರ್ ಏನಿದ್ದರೂ ಭಾನುವಾರ ಹತ್ತು ಗಂಟೆಯ ಮೇಲೆ ವಾಚನಾಲಯಕ್ಕೆ ತರಬಹುದು. ಎಳೆದು ನೋಡೋಣ. ಭೂತಗನ್ನಡಿಯನ್ನು ನಿಘಂಟುಗಳ ಕಪಾಟಿನಲ್ಲಿ ಇಟ್ಟಿದ್ದೇನೆ. ಕೀಲಿಕೈ ಗ್ರಂಥಪಾಲಕರ ಬಳಿ ಇರುತ್ತದೆ.